ಕವಳಕ್ಕಿಂತ ಮೊದಲು ಕಳಲೆ

ಕವಳ ಮೊದಲೋ, ಕಳಲೆ ಮೊದಲೋ? ಊಟದ ಲೆಕ್ಕದಲ್ಲಿ ಕಳಲೆಯೇ ಮೊದಲು. ಎಳೆ ಬಿದಿರಿನ ಕಳಲೆ ಪಲ್ಯ ಬಾಳೆಲೆಗೆ ಬೀಳುತ್ತದೆ, ಎಲೆ-ಅಡಿಕೆಯ ಕವಳ ಹಾಕುವುದು ಕೈ ತೊಳೆದ ಮೇಲೆ. ಪದಕೋಶದಲ್ಲಿ ಇದು ಉಲ್ಟಾ. ಅಲ್ಲಿ ವ ಮೊದಲು, ಳ ಕೊನೆಗೆ. ಯ ರ ಲ ವ ಶ ಷ ಸ ಹ ಳ ಅಂತ 31 ವರ್ಷ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ನನ್ನದೇ ಪುಸ್ತಕದ ಕರಡಿನಲ್ಲಿ ಕವಳಕ್ಕಿಂತ ಮೊದಲು ಕಳಲೆ ಬಂದು ಕೂತಿತ್ತು. ಅದನ್ನು ಕೆಳಗಿಳಿಸಲು ಹೋದವಳು ಸಾಫ್ಟ್‌ವೇರ್ ಕಲಿತು ಬಂದೆ.

ಕಾರವಾರ, ಅಂಕೋಲಾ, ಕೊನೆಗೆ ಶಿರಸಿ ತಾಲೂಕಿನ ಶಾಲೆಗಳಲ್ಲಿ ಕನ್ನಡ ಅಕ್ಕೋರಾಗಿದ್ದೆ. ಊರೂರು ತಿರುಗುವಾಗ ತೋಟದ ಮಾತು, ಅಡುಗೆಮನೆ ಮಾತು ಬರೆದಿಟ್ಟುಕೊಳ್ಳುವ ಚಟ ಹತ್ತಿತು. ದಬ್ಬೆ, ಕೊಟ್ಟೆ, ಮೆಟ್ಟುಗತ್ತಿ, ಸೊಪ್ಪಿನ ಬೆಟ್ಟ, ತಂಬುಳಿ, ತೊಡದೇವು. ನಿವೃತ್ತಿ ಹೊತ್ತಿಗೆ ಏಳು ನೋಟ್‌ಬುಕ್ ಆಗಿದ್ದವು. ಇವನ್ನೆಲ್ಲ ಸೇರಿಸಿ ಸಾವಿರದ ಮೇಲೆ ಚಿಲ್ಲರೆ ಪದಗಳ ಒಂದು ಸಣ್ಣ ಕೋಶ ಮಾಡಬೇಕು, ನಾನೇ ಅಚ್ಚು ಹಾಕಿಸಬೇಕು ಅಂತ ಹೊರಟೆ. ಪ್ರಕಾಶಕರನ್ನು ಕೇಳಲಿಲ್ಲ. ಒಂದು ತಾಲೂಕಿನ ಮಾತಿನ ಪುಸ್ತಕವನ್ನು ಯಾರ ತಲೆಗೆ ಕಟ್ಟಲಿ?

ಟೈಪಿಂಗ್ ನನಗೆ ಬರುತ್ತಿತ್ತು. ಶಾಲೆಯಲ್ಲಿ ನುಡಿ ಕೀಲಿಮಣೆ ಕಲಿತಿದ್ದೆ. ಕೆ. ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತ ಕೀಲಿಮಣೆ ಅದು. ಕೆ, ಎಫ್, ಕೆ ಒತ್ತಿದರೆ ಕ್ಕ. ಎಫ್ ಅಂದರೆ ಒತ್ತಕ್ಷರದ ಕೊಂಡಿ ಅಂತ ಬೆರಳಿಗೆ ಕೂತುಬಿಟ್ಟಿದೆ. ಈಗ ವಯಸ್ಸಾದ ಮೇಲೆ ಬೇರೆ ಕೀಲಿಮಣೆ ಕಲಿಯುವ ತಾಳ್ಮೆ ನನಗಿಲ್ಲ. ಕಲಿಯುವ ಅಗತ್ಯವೂ ಇಲ್ಲ. ಅದೇ ಬೆರಳಿನ ಅಭ್ಯಾಸದಲ್ಲಿ, ಎಲ್ಲ ಕಂಪ್ಯೂಟರಿಗೂ ಒಂದೇ ಆಗಿರುವ ಅಕ್ಷರಪಟ್ಟಿಯಾದ ಯೂನಿಕೋಡ್‌ನಲ್ಲೂ ಬರೆಯಬಹುದು. ನೋಡಬೇಕಾದ್ದು ಕೀಲಿಮಣೆಯನ್ನಲ್ಲ, ಕಂಪ್ಯೂಟರಿನೊಳಗೆ ಉಳಿಯುವುದು ಏನು ಅನ್ನುವುದನ್ನು.

ಇದು ನನಗೆ ತಡವಾಗಿ ಗೊತ್ತಾಯಿತು. ಮೊದಲಿನ ಮುನ್ನೂರು ಪದಗಳನ್ನು ಹಳೆ ಕಾಲದ ಫಾಂಟಿನಲ್ಲೇ ಬರೆದಿಟ್ಟಿದ್ದೆ. ಆ ಫಾಂಟುಗಳು ಯಕ್ಷಗಾನದ ವೇಷ ಇದ್ದಂತೆ. ಹೊರಗೆ ಕನ್ನಡದ ಕಿರೀಟ, ಬಣ್ಣ ಅಳಿಸಿದರೆ ಒಳಗೆ ಇಂಗ್ಲಿಷ್ ಅಕ್ಷರ. ಕಂಪ್ಯೂಟರಿಗೆ ಕಾಣುವುದು ಒಳಗಿನದು. ಹಾಗಾಗಿ ಅಕಾರಾದಿಯಾಗಿ ಜೋಡಿಸು ಅಂದರೆ ಅದು ಇಂಗ್ಲಿಷ್ ಲೆಕ್ಕದಲ್ಲಿ ಜೋಡಿಸುತ್ತದೆ. ಅಡಿಕೆ ಎಲ್ಲೋ, ಅಟ್ಟ ಎಲ್ಲೋ. ಆ ಮುನ್ನೂರನ್ನೂ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿದೆ, ಆಮೇಲೆ ಒಂದೊಂದಾಗಿ ಕಣ್ಣಾಡಿಸಿದೆ. ಒಂದು ವಾರ ಹೋಯಿತು. ಅವತ್ತಿನಿಂದ ನನ್ನದು ಒಂದೇ ಹಟ. ಮೂಲ ಕಡತ ಒಂದೇ ಇರಬೇಕು, ಅದು ಯೂನಿಕೋಡ್‌ನಲ್ಲೇ ಇರಬೇಕು. ಪ್ರೆಸ್ಸಿಗೆ, ಫೋನಿಗೆ, ಇ-ಪುಸ್ತಕಕ್ಕೆ ಏನು ಹೋದರೂ ಅದರಿಂದಲೇ ಹೋಗಬೇಕು.

ಬೇಗ ಮುಗಿಯಲಿ ಅಂತ ಧ್ವನಿ ಟೈಪಿಂಗನ್ನೂ ನೋಡಿದೆ. ಫೋನಿಗೆ ಹೇಳಿದರೆ ಅದೇ ಬರೆದುಕೊಳ್ಳುತ್ತದಲ್ಲ. ಸಾದಾ ಕನ್ನಡ ಆರಾಮಾಗಿ ಬಂತು. ನಮ್ಮ ಮಾತು ಬರಲಿಲ್ಲ. ತಂಬುಳಿ ಅಂದರೆ ತಂಬೂರಿ. ದಬ್ಬೆ ಅಂದರೆ ಡಬ್ಬಿ. ಕೊನೆಗೌಡ ಅಂದರೆ ‘ಕೊನೆಗೆ ಗೌಡ’ ಅಂತ ಬಿಡಿಸಿ ಬರೆಯಿತು. ಅಡಿಕೆ ಮರ ಹತ್ತಿ ಕೊನೆ ಇಳಿಸುವವನು ಕತೆಯ ಕೊನೆಗೆ ಬರುವ ಗೌಡ ಆಗಿಬಿಟ್ಟ. ಅದಕ್ಕೆ ಅರ್ಥ ವಿವರಣೆಯನ್ನು ಮಾತ್ರ ಬಾಯಲ್ಲಿ ಹೇಳಿ, ಪದವನ್ನು ಕೈಯಲ್ಲೇ ಟೈಪ್ ಮಾಡಿದೆ. ಹಿಂದೆ ಸ್ಮರಣ ಸಂಚಿಕೆಗಳಲ್ಲಿ ಅಚ್ಚಾಗಿದ್ದ ನನ್ನ ಲೇಖನಗಳಿಗೆ ಬೇರೆ ದಾರಿ ಸಿಕ್ಕಿತು. ಪುಟದ ಫೋಟೋ ತೆಗೆದು ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರಗಳಾಗಿ ಸಿಗುತ್ತದೆ. ಪ, ಷ, ವ ಅಲ್ಲಲ್ಲಿ ಅದಲು ಬದಲಾಗಿದ್ದವು. ಆದರೂ ಹೊಸದಾಗಿ ಟೈಪ್ ಮಾಡುವುದಕ್ಕಿಂತ ಎಷ್ಟೋ ವಾಸಿ.

ಈಗ ಕಳಲೆಗೆ ಬರುತ್ತೇನೆ.

ಪದಗಳನ್ನೆಲ್ಲ ಒಂದು ಸಾದಾ ಟೆಕ್ಸ್ಟ್ ಎಡಿಟರ್‌ನಲ್ಲಿ ಇಟ್ಟಿದ್ದೆ. ಒಂದು ಪದಕ್ಕೆ ಒಂದು ಸಾಲು. ಪದ, ಆಮೇಲೆ ಎರಡು ಚುಕ್ಕಿ, ಆಮೇಲೆ ಅರ್ಥ. ಸಾಲುಗಳನ್ನು ಜೋಡಿಸುವ ಆಯ್ಕೆ ಒತ್ತಿದೆ. ಮುಕ್ಕಾಲು ಪಾಲು ಸರಿಯಾಗಿ ಕೂತಿತು. ಅನುಸ್ವಾರ ಸರಿ, ಕಾಗುಣಿತ ಸರಿ, ಒತ್ತಕ್ಷರ ಕೊನೆಗೆ ಬಂದದ್ದೂ ಸರಿ. ಳ ಮಾತ್ರ ಲದ ಬೆನ್ನಿಗೇ ಬಂದು ಕೂತಿತ್ತು. ಕಲಸು, ಕಳಲೆ, ಕವಳ, ಕಸಿ. ಬೆಂಗಳೂರಿನಲ್ಲಿರುವ ತಮ್ಮನ ಮಗನಿಗೆ ಫೋನ್ ಮಾಡಿದೆ.

‘ಅತ್ತೆ, ಯೂನಿಕೋಡ್ ಪಟ್ಟಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಇರ್ತದೆ. ಅಲ್ಲಿ ಲ ಆದ ಮೇಲೆ ಳ ಇಟ್ಟಿದ್ದಾರೆ. ನಿಮ್ಮ ಎಡಿಟರ್ ಬರೀ ನಂಬರ್ ನೋಡ್ತದೆ, ವರ್ಣಮಾಲೆ ನೋಡೂದಿಲ್ಲ’ ಅಂದ.

ಇದಕ್ಕೊಂದು ಪ್ರೋಗ್ರಾಂ ಬರೆದುಕೊಡ್ತೇನೆ, ಶನಿವಾರ ಮಾಡ್ತೇನೆ ಅಂತಲೂ ಅಂದ. ಅವನ ಶನಿವಾರ ನನಗೆ ಗೊತ್ತಿಲ್ವಾ? ಆ ಪಟ್ಟಿಯನ್ನೇ ತೆಗೆದು ನೋಡಿದೆ. ಹ ಮುಗಿದ ಮೇಲೆ, ಆ-ಕಾರದ ಚಿಹ್ನೆ ಶುರುವಾಗುವ ಮುಂಚೆ, ಅವಗ್ರಹ ಕೂತಿದೆ. ಸ್ವರ ಎಳೆಯುವುದಕ್ಕೆ ಹಾಕುವ ನಮ್ಮ ಽ. ಳ ಬರಬೇಕಾದ ಜಾಗ ಸರಿಯಾಗಿ ಅದೇ! ಕಡತದಲ್ಲಿದ್ದ ಎಲ್ಲ ಳವನ್ನೂ ಒಂದೇ ಏಟಿಗೆ ಽ ಮಾಡಿದೆ. ಕಳಲೆ ‘ಕಽಲೆ’ ಆಯಿತು, ಕವಳ ‘ಕವಽ’ ಆಯಿತು. ಆಮೇಲೆ ಜೋಡಿಸಿದೆ. ಆಮೇಲೆ ಎಲ್ಲ ಽವನ್ನೂ ತಿರುಗಿ ಳ ಮಾಡಿದೆ. ಕಲಸು, ಕವಳ, ಕಸಿ, ಕಳಲೆ. ಎರಡು ನಿಮಿಷದ ಕೆಲಸ. ಆ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ. ಇದರಲ್ಲಿ ಒಂದು ಎಡವಟ್ಟೂ ಇತ್ತು, ಅದು ಆಮೇಲೆ ಗೊತ್ತಾಯಿತು.

ಪುಟ ಕಟ್ಟಲು ಲಿಬ್ರೆಆಫೀಸ್ ರೈಟರ್ ಇಟ್ಟುಕೊಂಡೆ. ದುಡ್ಡು ಕೊಡಬೇಕಿಲ್ಲ, ಕನ್ನಡ ಒಡೆಯುವುದಿಲ್ಲ. ಮೊದಲ ದಿನವೇ ಅದು ನನ್ನನ್ನು ಆಟ ಆಡಿಸಿತು. ಅಕ್ಷರದ ಗಾತ್ರ 12 ಮಾಡುತ್ತೇನೆ, ಇಂಗ್ಲಿಷ್ ದೊಡ್ಡದಾಗುತ್ತದೆ, ಕನ್ನಡ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಅದರಲ್ಲಿ ನಮ್ಮಂಥ ಲಿಪಿಗಳಿಗೆ ಬೇರೆಯದೇ ಖಾನೆ ಇದೆ. ಭಾಷೆಯ ಸೆಟ್ಟಿಂಗ್‌ಗೆ ಹೋಗಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಅನ್ನುವುದಕ್ಕೆ ಟಿಕ್ ಹಾಕಬೇಕು. ಆಮೇಲೆ ಸ್ಟೈಲಿನಲ್ಲಿ ಕನ್ನಡದ ಫಾಂಟನ್ನೂ ಗಾತ್ರವನ್ನೂ ಬೇರೆಯಾಗಿ ಕೊಡಬೇಕು. ಇದೊಂದು ಗೊತ್ತಿಲ್ಲದೆ ಎಷ್ಟೋ ಜನ ರೈಟರ್ ಸರಿಯಿಲ್ಲ ಅಂತ ಬಿಟ್ಟುಬಿಡುತ್ತಾರೆ.

ಫಾಂಟ್ ಟಿರೋ ಕನ್ನಡ. ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಪುಸ್ತಕಕ್ಕೆ ಬಳಸಲು ಯಾರನ್ನೂ ಕೇಳಬೇಕಿಲ್ಲ. ನೋಟೊ ಸೆರಿಫ್ ಕನ್ನಡವೂ ಚೆನ್ನಾಗಿದೆ, ನನ್ನ ಕಣ್ಣಿಗೆ ಟಿರೋ ಹಳೆ ಅಚ್ಚುಮೊಳೆಯ ಪುಸ್ತಕದಂತೆ ಕಂಡಿತು. ಸಾಲಿನ ನಡುವೆ ಜಾಗ ಧಾರಾಳವಾಗಿ ಬಿಡಿ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿದರೆ ಓದುವವರಿಗೆ ಸುಸ್ತಾಗುತ್ತದೆ.

ಪ್ರತಿ ಪದವನ್ನೂ ದಪ್ಪಕ್ಷರ ಮಾಡಬೇಕಲ್ಲ? ಸಾವಿರ ಸಲ ಮೌಸ್ ಎಳೆಯಲು ನನ್ನಿಂದಾಗದು. ಎರಡು ಚುಕ್ಕಿ ಇಲ್ಲಿ ಕೆಲಸಕ್ಕೆ ಬಂತು. ಹುಡುಕು-ಬದಲಿಸು ಕಿಟಕಿಯಲ್ಲಿ ‘ರೆಗ್ಯುಲರ್ ಎಕ್ಸ್‌ಪ್ರೆಶನ್’ಗೆ ಟಿಕ್ ಹಾಕಿ ^[^:]+: ಅಂತ ಬರೆದೆ. ಸಾಲಿನ ಮೊದಲಿನಿಂದ ಎರಡು ಚುಕ್ಕಿಯವರೆಗೆ ಇರುವುದನ್ನು ಹಿಡಿ ಅಂತ ಅರ್ಥ. ಎಲ್ಲವನ್ನೂ ಹುಡುಕು ಅಂದೆ, ಕಿಟಕಿ ಮುಚ್ಚಿ ಕಂಟ್ರೋಲ್ ಬಿ ಒತ್ತಿದೆ. ಎಲ್ಲ ಪದಗಳೂ ಒಟ್ಟಿಗೆ ದಪ್ಪಗಾದವು. ಪಕ್ಕದಲ್ಲಿ ಕೂತಿದ್ದ ಆಯಿ ‘ಎಂತದೇ ಅದು?’ ಅಂತ ಕನ್ನಡಕ ಏರಿಸಿದರು.

ಡೆಮಿ 1/8 ಗಾತ್ರ, ಅಂದರೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. ಕಟ್ಟಿದಾಗ 181 ಪುಟ ಬಂತು. ಅಚ್ಚಿನ ಒಂದು ಫಾರಂ ಅಂದರೆ 16 ಪುಟ. 176ಕ್ಕೆ ಇಳಿಸಬೇಕು, ಇಲ್ಲವೇ 192ಕ್ಕೆ ಏರಿಸಿ ಖಾಲಿ ಹಾಳೆಗೆ ದುಡ್ಡು ಕೊಡಬೇಕು. ಶುಭಾಶಯ ನುಡಿಗಳನ್ನು ತೆಗೆದೆ. ಸರಿಯಾಗಿ 176. ಒಬ್ಬರು ಇನ್ನೂ ಮಾತು ಬಿಟ್ಟಿದ್ದಾರೆ, ಇರಲಿ.

ಕರಡು ತಿದ್ದಲು ಶುರುಮಾಡಿದ್ದು ಅಡಿಕೆ ಸುಲಿಯುವ ಕಾಲದಲ್ಲಿ. ರಾತ್ರಿ ಎಲ್ಲರೂ ಮೆಟ್ಟುಗತ್ತಿ ಮುಂದೆ ಕೂರುತ್ತೇವೆ, ಕೈಗೆ ಕೆಲಸ, ಕಿವಿ ಖಾಲಿ. ಕನ್ನಡದ ಸ್ಪೆಲ್‌ಚೆಕ್ ನಂಬಿ ಸಾಕಾಗಿತ್ತು. ತೋಟದಲ್ಲಿ, ತೋಟದಲ್ಲೂ, ತೋಟದಲ್ಲೇನು ಅಂತ ನಮ್ಮ ಪದ ಬಾಲ ಬೆಳೆಸುತ್ತ ಹೋಗುತ್ತದೆ. ಪಟ್ಟಿ ಇಟ್ಟುಕೊಂಡು ಪರೀಕ್ಷೆ ಮಾಡುವ ಯಂತ್ರ ಎಲ್ಲದಕ್ಕೂ ಕೆಂಪು ಗೀಟು ಹಾಕುತ್ತದೆ. ಅದಕ್ಕೆ ಫೋನಿಗೇ ಓದಲು ಹೇಳಿದೆ. ಆಂಡ್ರಾಯ್ಡ್‌ನಲ್ಲಿ ‘ಸೆಲೆಕ್ಟ್ ಟು ಸ್ಪೀಕ್’ ಅಂತ ಇದೆ. ಕನ್ನಡ ಧ್ವನಿಯನ್ನು ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದಿದ್ದರೂ ಓದುತ್ತದೆ. ಹುಲೇಕಲ್ ಕಡೆಯ ನಮ್ಮ ಮನೆಯಲ್ಲಿ ಅದು ದೊಡ್ಡ ಮಾತು.

ಕಣ್ಣು ಮೋಸ ಹೋಗುತ್ತದೆ, ಬರೆದವರ ಕಣ್ಣು ಇನ್ನೂ ಜಾಸ್ತಿ. ಇಲ್ಲದ ಅಕ್ಷರವನ್ನೂ ಓದಿಕೊಂಡುಬಿಡುತ್ತದೆ. ಯಂತ್ರಕ್ಕೆ ದಾಕ್ಷಿಣ್ಯ ಇಲ್ಲ. ‘ಅಡಿಕೆ ಹಾಲೆಯಿಂದ ಮಾಡಿದ’ ಅಂತ ಓದಿತು, ಹಾಳೆ ಆಗಬೇಕಿತ್ತು. ‘ಎಲೆ ಬಿಸಿಲು’ ಅಂತ ಓದಿತು, ಸುಲಿಯುತ್ತಿದ್ದವರೆಲ್ಲ ನಕ್ಕರು. ಹೀಗೆ ಲ-ಳ ತಪ್ಪುಗಳೇ ನಲವತ್ತರ ಮೇಲೆ ಸಿಕ್ಕವು. ಮೂರನೇ ರಾತ್ರಿ ಅದು ಇದ್ದಕ್ಕಿದ್ದಂತೆ ‘ತೋಟದ ಆ ತುದಿಯಲ್ಲಿದ್ದವರನ್ನು ಕೂಳ ಎಂದು ಕರೆಯುವುದು’ ಅಂದಿತು. ಕೈಯಲ್ಲಿದ್ದ ಅಡಿಕೆ ಅಲ್ಲೇ ಬಿತ್ತು. ಅದು ‘ಕೂಹಾಕು’ ಪದದ ಅರ್ಥ. ದೂರದಲ್ಲಿದ್ದವರನ್ನು ‘ಕೂಽ’ ಅಂತ ಕೂಗುವುದು. ನನ್ನ ಕಡತದಲ್ಲಿ ನಿಜವಾದ ಅವಗ್ರಹವೂ ಇತ್ತು, ನಾನದನ್ನು ಮರೆತೇಬಿಟ್ಟಿದ್ದೆ. ಎಲ್ಲ ಽವನ್ನೂ ಳ ಮಾಡುವಾಗ ಅದೂ ಳ ಆಗಿಹೋಗಿತ್ತು. ಮರ್ಯಾದಸ್ಥರನ್ನು ಕೂಳ, ಅಂದರೆ ನೀಚ, ಅಂತ ಕರೆಯುವ ಊರು ನಮ್ಮದು ಅಂತ ಅಚ್ಚಾಗಿಬಿಡುತ್ತಿತ್ತು. ಈಗ ಬದಲಿಸುವ ಮುಂಚೆ ಒಂದು ಸಲ ಽ ಹುಡುಕಿ ನೋಡುತ್ತೇನೆ. ಇದ್ದರೆ ಅದಕ್ಕೆ ಮೂರು ನಕ್ಷತ್ರ ಹಾಕಿಟ್ಟು, ಜೋಡಣೆ ಮುಗಿದ ಮೇಲೆ ವಾಪಸು ತರುತ್ತೇನೆ.

2024ರ ಮಾರ್ಚ್‌ನಲ್ಲಿ ಶಿರಸಿಯ ಮಾರಿಕಾಂಬಾ ಜಾತ್ರೆ ಇತ್ತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಊರು ಬಿಟ್ಟು ಹೋದವರೆಲ್ಲ ಬರುತ್ತಾರೆ, ಅಷ್ಟರೊಳಗೆ ಪುಸ್ತಕ ಕೈಗೆ ಬರಬೇಕು ಅಂತ ನನ್ನ ಆಸೆ. ಪ್ರೆಸ್ಸಿನವರು ವರ್ಡ್ ಕಡತ ಕೊಡಿ ಅಂದರು, ಕೊಟ್ಟೆ. ಅವರು ಅದನ್ನು ತಮ್ಮ ಹಳೆ ಫಾಂಟಿಗೆ ತಿರುಗಿಸಿ ಪೇಜ್‌ಮೇಕರ್‌ಗೆ ಸುರಿದರು. ದಪ್ಪಕ್ಷರ ಎಲ್ಲ ಹೋಯಿತು. ಗಿಡಗಳ ಲ್ಯಾಟಿನ್ ಹೆಸರುಗಳು ಕನ್ನಡ ವೇಷ ಹಾಕಿಕೊಂಡು ಏನೇನೋ ಆದವು. ಮುರುಗಲಿನ ಪಕ್ಕ ಗಾರ್ಸೀನಿಯಾ ಇಂಡಿಕಾ ಇರಬೇಕಾದಲ್ಲಿ ಬಾಯಲ್ಲಿ ಹೇಳಲು ಬಾರದ ಒಂದು ಮಂತ್ರ ಇತ್ತು.

‘ಅಕ್ಕೋರೆ, ನಾವು ಇಪ್ಪತ್ತು ವರ್ಷದಿಂದ ಹೀಂಗೇ ಮಾಡೂದು’ ಅಂದರು. ಜಗಳ ಆಡಲಿಲ್ಲ. ಮನೆಗೆ ಬಂದು ರೈಟರ್‌ನಿಂದ ಪಿಡಿಎಫ್ ಮಾಡಿದೆ. ಪಿಡಿಎಫ್‌ನೊಳಗೆ ಫಾಂಟ್ ಸೇರಿಕೊಂಡೇ ಇರುತ್ತದೆ, ಅವರ ಕಂಪ್ಯೂಟರಿನಲ್ಲಿ ಟಿರೋ ಇರಬೇಕಿಲ್ಲ. ‘ಇದನ್ನು ಯಾವ ಸಾಫ್ಟ್‌ವೇರ್‌ನಲ್ಲೂ ಬಿಡಿಸಬೇಡಿ, ಹೀಗೇ ಪ್ಲೇಟಿಗೆ ಕಳಿಸಿ’ ಅಂದೆ. ಒಂದು ಫಾರಂ ಮಾತ್ರ ಹಾಕಿ ತೋರಿಸಿದರು. ಕವಳ, ಕಸಿ, ಕಳಲೆ ಎಲ್ಲ ಕೂರಿಸಿದಲ್ಲೇ ಕೂತಿದ್ದವು.

ರಕ್ಷಾಪುಟವನ್ನು ಪುಟವಿನ್ಯಾಸದ ಇನ್ನೊಂದು ಸಾಫ್ಟ್‌ವೇರ್ ಸ್ಕ್ರೈಬಸ್‌ನಲ್ಲಿ ಮಾಡಿದೆ. ಅದರ 1.4 ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರ ಬಿಡಿಬಿಡಿಯಾಗುತ್ತಿತ್ತು. 2024ರ ಜನವರಿಯಲ್ಲಿ ಬಂದ 1.6ರಲ್ಲಿ ಆ ತೊಂದರೆ ಇಲ್ಲ. ಅಚ್ಚಿಗೆ ಬೇಕಾದ ನಾಲ್ಕು ಬಣ್ಣದ ಲೆಕ್ಕವೂ ಬರುತ್ತದೆ. ಐಎಸ್‌ಬಿಎನ್ ಅನ್ನುವ ಪುಸ್ತಕದ ಗುರುತು ಸಂಖ್ಯೆ ದೆಹಲಿಯ ರಾಜಾ ರಾಮಮೋಹನ ರಾಯ್ ಹೆಸರಿನ ಸಂಸ್ಥೆಯಿಂದ ಪುಕ್ಕಟೆ ಸಿಗುತ್ತದೆ, ಲೇಖಕರೇ ಆನ್‌ಲೈನ್ ಅರ್ಜಿ ಹಾಕಬಹುದು. ಕೊಡಿಸುತ್ತೇವೆ ಅಂತ ದುಡ್ಡು ಕೇಳುವವರಿಗೆ ಒಂದು ನಮಸ್ಕಾರ ಹಾಕಿ ಬನ್ನಿ.

ಇ-ಪುಸ್ತಕದ ಬಗ್ಗೆ ಹೇಳಲು ಜಾಸ್ತಿ ಇಲ್ಲ. ರೈಟರ್‌ನಿಂದಲೇ ಇಪಬ್ ತೆಗೆದೆ, ಕ್ಯಾಲಿಬರ್‌ನಲ್ಲಿ ತೆರೆದು ಪುಟ ನೋಡಿದೆ, ಗೂಗಲ್ ಪ್ಲೇ ಬುಕ್ಸ್‌ಗೆ ಹಾಕಿದೆ. ಕೊಂಡವರು ಬೆರಳೆಣಿಕೆ. ಅಚ್ಚಿನ 500 ಪ್ರತಿಗಳಲ್ಲಿ ಮುಕ್ಕಾಲು ಪಾಲು ಜಾತ್ರೆಯ ಒಂಬತ್ತು ದಿನದಲ್ಲೇ ಹೋದವು, ಅದೂ ಹೆಚ್ಚಾಗಿ ಹಳೆ ವಿದ್ಯಾರ್ಥಿಗಳಿಗೆ.

ಕಳೆದ ತಿಂಗಳು ಅಂಕೋಲಾದಿಂದ ಒಬ್ಬರು ಫೋನ್ ಮಾಡಿದ್ದರು. ಮೀನುಗಾರಿಕೆಯ ಮಾತು ಒಂದೂ ಇಲ್ಲವಲ್ಲ ಅಕ್ಕೋರೆ, ನೀವು ನಮ್ಮೂರಲ್ಲೇ ಇದ್ದವರು ಅಂತ ಬೇಸರ ಮಾಡಿಕೊಂಡರು. ಅವರು ಹೇಳಿದ್ದು ನಿಜ. ವಾಟ್ಸಾಪ್‌ನಲ್ಲಿ 23 ಪದ ಕಳಿಸಿದ್ದಾರೆ, ಅದರಲ್ಲಿ ಎಂಟಕ್ಕೆ ಳ ಇದೆ. ನಿನ್ನೆ ರಾತ್ರಿ ಅವನ್ನು ಕಡತಕ್ಕೆ ಸೇರಿಸಿ, ಮೊದಲು ಽ ಹುಡುಕಿದೆ. ಕೂಽ ಒಂದೇ ಇತ್ತು. ಮೂರು ನಕ್ಷತ್ರ ಹಾಕುವಷ್ಟರಲ್ಲಿ ಕರೆಂಟ್ ಹೋಯಿತು.