ಸೈಟ್ ಕೈಕೊಟ್ಟಾಗ ಯುಬ್ಲಾಕ್ ಆಫ್ ಮಾಡಬೇಡಿ, ಬೇಕಾದ ಕನೆಕ್ಷನ್‌ಗೆ ಮಾತ್ರ ಅನುಮತಿ ಕೊಡಿ

ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯ ಆನ್‌ಲೈನ್ ಸೆಂಟರ್‌ಗಳಲ್ಲಿ ಒಂದೇ ಕಂಪ್ಯೂಟರ್ ಮೇಲೆ ಊರವರೆಲ್ಲರ ಕೆಲಸ ನಡೆಯುತ್ತದೆ. ಪಹಣಿ, ಜಾತಿ-ಆದಾಯ, 371ಜೆ ಸರ್ಟಿಫಿಕೇಟ್, ಸ್ಕಾಲರ್‌ಶಿಪ್, ನೌಕರಿ ಅರ್ಜಿ ಎಲ್ಲವೂ. ಜನ ನಂಬಿ ಆಧಾರ್ ಕಾರ್ಡ್ ಕೈಗೆ ಕೊಡುವ ಜಾಗ ಅದು. ಅಲ್ಲಿನ ಬ್ರೌಸರ್‌ನಲ್ಲಿ ಜಾಹೀರಾತು, ಟ್ರ್ಯಾಕಿಂಗ್ ತಡೆಯುವ ಎಕ್ಸ್‌ಟೆನ್ಷನ್ ಆದ ಯುಬ್ಲಾಕ್ ಒರಿಜಿನ್ ಇರಲೇಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಆದರೆ ಕ್ಯಾಪ್ಚಾ ಬರಲಿಲ್ಲ ಅಂದ ತಕ್ಷಣ ಯುಬ್ಲಾಕ್‌ನ ಪವರ್ ಬಟನ್ ಒತ್ತಿ ಆ ಸೈಟ್‌ಗೆ ಪೂರ್ತಿ ಆಫ್ ಮಾಡುವವರೇ ಜಾಸ್ತಿ. ಆಮೇಲೆ ಆನ್ ಮಾಡುವುದು ಯಾರಿಗೂ ನೆನಪಾಗುವುದಿಲ್ಲ.

ನೀವು ತೆರೆದದ್ದು ಒಂದೇ ಸೈಟ್ ಆದರೂ ಆ ಪುಟ ಹಿಂದಿನಿಂದ ಬೇರೆ ಬೇರೆ ಸರ್ವರ್‌ಗಳನ್ನು ಸಂಪರ್ಕಿಸುತ್ತಿರುತ್ತದೆ. ಇವೇ ಥರ್ಡ್ ಪಾರ್ಟಿ ಕನೆಕ್ಷನ್‌ಗಳು. ಕೆಲವು ಇಲ್ಲದಿದ್ದರೆ ಪುಟ ನಡೆಯುವುದಿಲ್ಲ, ಇನ್ನು ಕೆಲವು ಬಂದಿರುವುದೇ ನೀವು ಎಲ್ಲೆಲ್ಲಿ ಓಡಾಡುತ್ತೀರಿ ಅಂತ ನೋಡೋಕೆ.

ಮೊದಲು ಫೈರ್‌ಫಾಕ್ಸ್ ಹಾಕಿಕೊಳ್ಳಿ. ಕ್ರೋಮ್ 2025ರಲ್ಲಿ ಹಳೆ ಮಾದರಿಯ ಎಕ್ಸ್‌ಟೆನ್ಷನ್‌ಗಳನ್ನು ಪೂರ್ತಿ ಕೈಬಿಟ್ಟಿತು. ಅಲ್ಲಿ ಸಿಗುವ ಯುಬ್ಲಾಕ್ ಒರಿಜಿನ್ ಲೈಟ್‌ನಲ್ಲಿ, ಪುಟ ಸಂಪರ್ಕಿಸುವ ಸರ್ವರ್‌ಗಳ ಹೆಸರು ತೋರಿಸಿ ಒಂದೊಂದನ್ನೇ ತಡೆಯೋಕೆ ಬಿಡುವ ಪಟ್ಟಿ ಇಲ್ಲ.

ಯುಬ್ಲಾಕ್ ಸೆಟ್ಟಿಂಗ್ಸ್‌ಗೆ ಹೋಗಿ ‘ಐ ಆಮ್ ಆ್ಯನ್ ಅಡ್ವಾನ್ಸ್ಡ್ ಯೂಸರ್’ ಅನ್ನೋದಕ್ಕೆ ಟಿಕ್ ಹಾಕಿ. ಈಗ ಯಾವುದಾದರೂ ಸೈಟ್ ತೆರೆದು ಯುಬ್ಲಾಕ್ ಐಕಾನ್ ಒತ್ತಿ, ಪಟ್ಟಿ ಕಾಣುವವರೆಗೆ ‘ಮೋರ್’ ಒತ್ತುತ್ತಾ ಹೋಗಿ. ಪಕ್ಕದಲ್ಲಿ ಎರಡು ಕಾಲಂ ಇರುತ್ತವೆ. ಮೊದಲನೆಯದು ಎಲ್ಲಾ ಸೈಟ್‌ಗಳಿಗೂ ಅನ್ವಯ, ಎರಡನೆಯದು ಈಗ ತೆರೆದಿರುವ ಸೈಟ್‌ಗೆ ಮಾತ್ರ. ಈ ವ್ಯತ್ಯಾಸ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲ ಕಾಲಂನಲ್ಲಿ ಥರ್ಡ್ ಪಾರ್ಟಿ ಸ್ಕ್ರಿಪ್ಟ್ಸ್ (ಹೊರಗಿನಿಂದ ಬಂದು ಪುಟದಲ್ಲಿ ಓಡುವ ಕೋಡ್), ಥರ್ಡ್ ಪಾರ್ಟಿ ಫ್ರೇಮ್ಸ್ (ಪುಟದೊಳಗೆ ತೆರೆಯುವ ಹೊರಗಿನ ಪುಟ) ಈ ಎರಡು ಸಾಲುಗಳನ್ನು ಕೆಂಪು ಮಾಡಿ. ಇನ್ನು ಮೇಲೆ ಹೊರಗಿನ ಸ್ಕ್ರಿಪ್ಟ್ ಯಾವುದೂ ತಾನಾಗಿ ಓಡುವುದಿಲ್ಲ. ಕೆಲವು ಸೈಟ್‌ಗಳು ಕೆಡುತ್ತವೆ, ಗಾಬರಿ ಬೇಡ.

ಕೆಟ್ಟ ಸೈಟ್‌ನಲ್ಲಿ ಪಟ್ಟಿ ತೆರೆದು ಹೆಸರುಗಳನ್ನು ಓದಿ. ಗೂಗಲ್ ಕ್ಯಾಪ್ಚಾ ಕಾಣುತ್ತಿಲ್ಲವಾದರೆ ಗೂಗಲ್ ಡಾಟ್ ಕಾಮ್, ಜಿಸ್ಟ್ಯಾಟಿಕ್ ಡಾಟ್ ಕಾಮ್ ಎರಡೂ ಬೇಕು, ಒಂದಕ್ಕೇ ಅನುಮತಿ ಕೊಟ್ಟರೆ ಸಾಲದು. ಮೆನು, ಬಟನ್ ಕೆಲಸ ಮಾಡದಿದ್ದರೆ ಜೆಕ್ವೆರಿ, ಜೆಎಸ್‌ಡೆಲಿವರ್, ಸಿಡಿಎನ್‌ಜೆಎಸ್ ಇಂಥ ಹೆಸರು ಹುಡುಕಿ. ಡಬಲ್‌ಕ್ಲಿಕ್, ಗೂಗಲ್ ಅನಲಿಟಿಕ್ಸ್, ಕನೆಕ್ಟ್ ಡಾಟ್ ಫೇಸ್‌ಬುಕ್ ಇವು ಅರ್ಜಿ ತುಂಬೋಕೆ ಬೇಕಾಗಿಲ್ಲ, ಸುಮ್ನೆ ಅನುಮತಿ ಕೊಡಬೇಡಿ. ಬೇಕಾದ ಹೆಸರಿನ ಸಾಲಿನಲ್ಲಿ, ಎರಡನೇ ಕಾಲಂನಲ್ಲಿ, ಬೂದು ಬಣ್ಣ ಕೊಟ್ಟು ರಿಲೋಡ್ ಮಾಡಿ. ಬೂದು ಅಂದರೆ ನೀವು ಹಾಕಿದ ಕೆಂಪು ತಡೆ ಅಲ್ಲಿ ಅನ್ವಯಿಸುವುದಿಲ್ಲ, ಆದರೆ ಯುಬ್ಲಾಕ್‌ನ ಮಾಮೂಲಿ ಜಾಹೀರಾತು ಫಿಲ್ಟರ್‌ಗಳು ಕೆಲಸ ಮಾಡುತ್ತಲೇ ಇರುತ್ತವೆ. ಅದಕ್ಕೇ ನನಗೆ ಬೂದು ಇಷ್ಟ. ಕ್ಯಾಪ್ಚಾದ ಆ ಎರಡನ್ನು ಬಿಟ್ಟು ಉಳಿದವಕ್ಕೆ ಒಂದು ಸಲಕ್ಕೆ ಒಂದೇ ಹೆಸರಿಗೆ ಅನುಮತಿ ಕೊಟ್ಟು ನೋಡಿ, ಇಲ್ಲದಿದ್ದರೆ ಯಾವುದರಿಂದ ಸರಿ ಹೋಯಿತು ಅಂತ ಗೊತ್ತಾಗುವುದಿಲ್ಲ. ಕೆಲಸ ಆಯಿತಾ? ಬೀಗದ ಗುರುತು ಒತ್ತಿ, ನಿಯಮ ಉಳಿಯುತ್ತದೆ. ಬೇಡ ಅನಿಸಿದರೆ ಪಕ್ಕದ ಅಳಿಸುವ ಗುರುತು ಒತ್ತಿ. ಏನೂ ಒತ್ತದಿದ್ದರೆ ಬ್ರೌಸರ್ ಮುಚ್ಚಿದಾಗ ಬದಲಾವಣೆ ಹೋಗುತ್ತದೆ. ಹಾಗಾಗಿ ಮೊದಲು ಹಾಕಿದ ಆ ಎರಡು ಕೆಂಪು ಸಾಲುಗಳಿಗೂ ಬೀಗ ಹಾಕಿರಬೇಕು.

ಇದೆಲ್ಲ ಅರ್ಜಿ ತುಂಬುವುದಕ್ಕೆ ಮುಂಚೆಯೇ ಮಾಡಿ. ನಡುವೆ ರಿಲೋಡ್ ಆದರೆ ತುಂಬಿದ್ದು ಹೋಗಬಹುದು, ಹಳ್ಳಿಯಿಂದ ಬಸ್ ಹಿಡಿದು ಬಂದವರನ್ನು ಮತ್ತೆ ಕೂರಿಸಿಕೊಳ್ಳಬೇಕಾಗುತ್ತದೆ, ಅಲ್ವಾ? ಫೀಸ್ ಕಟ್ಟುವ ಹಂತದಲ್ಲಿ ಇನ್ನೂ ಹುಷಾರಾಗಿರಿ. ರೇಜರ್‌ಪೇ ತರಹದ ಗೇಟ್‌ವೇ ಅದೇ ಪುಟದೊಳಗೆ ತೆರೆದರೆ ಅದರ ಹೆಸರನ್ನು ಬೂದು ಮಾಡಬೇಕು. ಬ್ಯಾಂಕಿನ ಪುಟಕ್ಕೇ ಕರೆದುಕೊಂಡು ಹೋದರೆ ಈಗ ನೀವು ಇರುವ ಸೈಟ್ ಬ್ಯಾಂಕಿನದು, ಎರಡನೇ ಕಾಲಂ ಕೂಡ ಬ್ಯಾಂಕಿನದೇ, ಹಿಂದಿನ ಸೈಟ್‌ಗೆ ಕೊಟ್ಟ ಅನುಮತಿ ಅಲ್ಲಿ ನಡೆಯುವುದಿಲ್ಲ. ಹಣ ಕಡಿತ ಆಗುವ ಹೊತ್ತಿನಲ್ಲಿ ಮಾತ್ರ ರಿಲೋಡ್ ಒತ್ತಲೇಬೇಡಿ.

ಏನು ಮಾಡಿದರೂ ಸೈಟ್ ಬರುತ್ತಿಲ್ಲವೇ? ಆಗ ಪವರ್ ಬಟನ್ ಒತ್ತಿ ಒಮ್ಮೆ ರಿಲೋಡ್ ಮಾಡಿ ನೋಡಿ. ಆಗಲೂ ಬರದಿದ್ದರೆ ತೊಂದರೆ ಯುಬ್ಲಾಕ್‌ನದಲ್ಲ, ಸರ್ವರ್‌ನದೋ ನೆಟ್‌ನದೋ ಇರಬಹುದು. ನೋಡಿದ ಮೇಲೆ ಬಟನ್ ಮತ್ತೆ ಆನ್ ಮಾಡಿ.

ಗಿರಾಕಿಗಳ ಲಾಗಿನ್‌ಗೆ ಪ್ರೈವೇಟ್ ವಿಂಡೋ ಬಳಸುವುದು ಒಳ್ಳೆಯದು, ಆದರೆ ಫೈರ್‌ಫಾಕ್ಸ್‌ನಲ್ಲಿ ಎಕ್ಸ್‌ಟೆನ್ಷನ್‌ಗೆ ಪ್ರೈವೇಟ್ ವಿಂಡೋ ಅನುಮತಿ ಬೇರೆಯಾಗಿ ಕೊಡಬೇಕು. ಆ್ಯಡ್-ಆನ್ಸ್ ಪುಟದಲ್ಲಿ ಯುಬ್ಲಾಕ್ ಮೇಲೆ ಒತ್ತಿದರೆ ಆಯ್ಕೆ ಸಿಗುತ್ತದೆ. ಅಂಗಡಿಯಲ್ಲಿ ಎರಡು ಮೂರು ಸಿಸ್ಟಮ್ ಇದ್ದರೆ ‘ಮೈ ರೂಲ್ಸ್’ ಟ್ಯಾಬ್‌ನಿಂದ ನಿಯಮಗಳನ್ನು ಫೈಲ್ ಮಾಡಿ, ಪೆನ್‌ಡ್ರೈವ್‌ನಲ್ಲಿ ಒಯ್ದು ಉಳಿದವುಗಳಿಗೆ ಇಂಪೋರ್ಟ್ ಮಾಡಿ.