ಹಳೆ ಟಿವಿಗೆ ಸ್ಟ್ರೀಮಿಂಗ್ ಸ್ಟಿಕ್ ಹಾಕುವುದು ಹೇಗೆ?

ಟಿವಿ ಹಳೆಯದಾಯ್ತು ಅಂತ ಹೊಸದು ಕೊಳ್ಳಬೇಕಾಗಿಲ್ಲ. ಹಿಂದೆ ಎಚ್‌ಡಿಎಂಐ ಪೋರ್ಟ್ (ಚಿತ್ರ, ಧ್ವನಿ ಎರಡೂ ಹೋಗುವ ಚಪ್ಪಟೆ ಕಿಂಡಿ) ಇದೆಯಾ ನೋಡಿ, ಇದ್ದರೆ ನೆಟ್‌ನಿಂದ ಸಿನಿಮಾ ತೋರಿಸುವ ಫೈರ್ ಟಿವಿ ಸ್ಟಿಕ್ ಥರದ್ದನ್ನು ಅದಕ್ಕೆ ಚುಚ್ಚಿದರೆ ಸಾಕು. ಅದರೊಳಗೆ ಇರುವುದು ಪುಟ್ಟ ಕಂಪ್ಯೂಟರ್. ವೈಫೈಯಲ್ಲಿ ಬಂದ ವಿಡಿಯೊವನ್ನು ಚಿತ್ರವಾಗಿ ಬದಲಿಸಿ ಕೊಡುವುದು ಅದೇ, ಟಿವಿ ಬರೀ ತೋರಿಸುತ್ತದೆ.

ಜಾಸ್ತಿ ಜನ ಎಡವುವುದು ಕರೆಂಟ್ ವಿಷಯದಲ್ಲಿ. ಹತ್ತಿರ ಇದೆ ಅಂತ ಟಿವಿಯ ಯುಎಸ್‌ಬಿಗೇ ವೈರ್ ಹಾಕಿಬಿಡುತ್ತಾರೆ, ಆದರೆ ಹಳೆ ಟಿವಿಗಳಲ್ಲಿ ಅದು ಸಾಮಾನ್ಯವಾಗಿ 0.5 ಆಂಪಿಯರ್ ಮಾತ್ರ ಕೊಡುತ್ತದೆ, ಸ್ಟಿಕ್‌ಗೆ ಅದು ಸಾಲದೆ ಸಿನಿಮಾ ಮಧ್ಯೆ ಆಫ್ ಆಗಿ ಮತ್ತೆ ಮೊದಲಿಂದ ಆನ್ ಆಗುತ್ತದೆ. ಡಬ್ಬದಲ್ಲಿ ಬಂದ ಅಡಾಪ್ಟರನ್ನೇ ಗೋಡೆಯ ಪ್ಲಗ್‌ಗೆ ಹಾಕಿ.

ಆಮೇಲೆ ಟಿವಿ ರಿಮೋಟಿನಲ್ಲಿ ಸೋರ್ಸ್ ಒತ್ತಿ, ಸ್ಟಿಕ್ ಇರುವ ಎಚ್‌ಡಿಎಂಐ ಆರಿಸಿ, ವೈಫೈ ಪಾಸ್‌ವರ್ಡ್ ಕೊಡಿ.

ಚಿತ್ರ ಒಮ್ಮೆ ಮಸುಕು, ಒಮ್ಮೆ ಸ್ಪಷ್ಟ ಆಗುತ್ತಾ? ಟಿವಿ ಕೆಟ್ಟಿಲ್ಲ. ವಿಡಿಯೊ ಬರುವುದೇ ಕೆಲವು ಸೆಕೆಂಡುಗಳ ತುಂಡುಗಳಾಗಿ, ನೆಟ್ ನಿಧಾನವಾದರೆ ಆ್ಯಪ್ ಮುಂದಿನ ತುಂಡನ್ನು ಕಡಿಮೆ ಗುಣಮಟ್ಟದಲ್ಲಿ ತರಿಸಿಕೊಳ್ಳುತ್ತದೆ. ಸುಮ್ನೆ ತಿರುಗುವ ಚಕ್ರ ನೋಡುತ್ತಾ ಕೂರುವುದಕ್ಕಿಂತ ಇದೇ ವಾಸಿ ಅಲ್ವಾ. ನೆಟ್‌ಫ್ಲಿಕ್ಸ್ 1080ಪಿಗೆ (ಫುಲ್ ಎಚ್‌ಡಿ ಚಿತ್ರಕ್ಕೆ) 5 ಎಂಬಿಪಿಎಸ್ ನೆಟ್ ವೇಗ, ಅದಕ್ಕಿಂತ ಸ್ಪಷ್ಟವಾದ 4ಕೆಗೆ 15 ಇರಲಿ ಅನ್ನುತ್ತದೆ.

ರೂಟರ್ ಅದೇ ಕೋಣೆಯಲ್ಲಿದ್ದರೆ 5 ಗಿಗಾಹರ್ಟ್ಸ್ ವೈಫೈಗೆ (ವೇಗ ಜಾಸ್ತಿ, ಗೋಡೆ ದಾಟುವುದು ಕಡಿಮೆ) ಸೇರಿಸಿ, ಎರಡು ಗೋಡೆ ಆಚೆ ಇದ್ದರೆ 2.4 ಒಳ್ಳೆಯದು. ಆಗಲೂ ಸಿಗ್ನಲ್ ಹಿಡಿಯದಿದ್ದರೆ ಗಿಡ್ಡ ಎಚ್‌ಡಿಎಂಐ ಎಕ್ಸ್‌ಟೆಂಡರ್ ಹಾಕಿ ಸ್ಟಿಕ್ಕನ್ನು ಟಿವಿ ಮರೆಯಿಂದ ಸ್ವಲ್ಪ ಹೊರಗೆ ತನ್ನಿ.