ಸಣ್ಣ ಪಾವತಿಗಳನ್ನೆಲ್ಲ ಸ್ವಂತ ಲೈಟ್ನಿಂಗ್ ನೋಡ್‌ಗೆ ಸಾಗಿಸಿದ್ದು: ನನ್ನ ಅನುಭವ

10,000 ಸಟೋಶಿಯೊಳಗಿನ (ಹತ್ತು ಕೋಟಿ ಸಟೋಶಿ ಸೇರಿದರೆ ಒಂದು ಬಿಟ್‌ಕಾಯಿನ್) ಪಾವತಿಗಳನ್ನು ದಿನಕ್ಕೆ ಹೆಚ್ಚುಕಡಿಮೆ 1,500ರಷ್ಟು ನನ್ನದೇ ನೋಡ್‌ನಿಂದ ಕಳಿಸುತ್ತಿದ್ದೇನೆ. ಲೈಟ್ನಿಂಗ್ ಎಂದರೆ ಬಿಟ್‌ಕಾಯಿನ್ ಮೇಲೆ ಕಟ್ಟಿದ ಪಾವತಿ ಜಾಲ, ನೋಡ್ ಎಂದರೆ ಆ ಜಾಲದ ಒಂದು ಕಂಪ್ಯೂಟರ್, ಚಾನೆಲ್ ಎಂದರೆ ಎರಡು ನೋಡ್‌ಗಳ ನಡುವೆ ಹಣ ಕಟ್ಟಿಟ್ಟು ತೆರೆದ ದಾರಿ. ಹಣದ ಗುಪ್ತ ಕೀಲಿ ಬೇರೆ ಯಾರ ಕೈಯಲ್ಲೂ ಇಲ್ಲ. ಚಾನೆಲ್ ತೆರೆಯುವ, ಮುಚ್ಚುವ ಖರ್ಚೆಲ್ಲ ಸೇರಿಸಿದರೂ ಪಾವತಿಯ ಮೊತ್ತದ ಶೇ. 1ರೊಳಗೆ ಮುಗಿಯುತ್ತದೆ. ಈ ಗಾತ್ರದ ನೋಡ್‌ನಿಂದ ಇದು ಸಾಧ್ಯವೇ ಇಲ್ಲ, ಸುಮ್ಮನೆ ಕಸ್ಟೋಡಿಯಲ್ ಸೇವೆಗೆ (ಕೀಲಿಯನ್ನು ಬೇರೆಯವರೇ ಇಟ್ಟುಕೊಳ್ಳುವ ಸೇವೆ) ಹೋಗು, ಇಲ್ಲವೇ ಬೇರೆ ಬ್ಲಾಕ್‌ಚೈನ್ ಹಿಡಿ ಎಂದು ಹೇಳಿದವರು ಬಹಳ ಮಂದಿ. ಅವರಲ್ಲಿ ಇಬ್ಬರು ಈಗ ನನ್ನ ಕಾನ್ಫಿಗರೇಶನ್ ಫೈಲ್ ಕೇಳುತ್ತಿದ್ದಾರೆ. ಅದಕ್ಕೇ ಈ ಬರಹ.

ನಮ್ಮದು ಬರೆದವರಿಗೆ, ಅನುವಾದಕರಿಗೆ, ದೋಷ ಹುಡುಕಿಕೊಟ್ಟವರಿಗೆ ಚಿಕ್ಕ ಚಿಕ್ಕ ಮೊತ್ತ ಕೊಡುವ ಸೇವೆ. ಮೊದಲು ಎಲ್ಲವೂ ನೇರವಾಗಿ ಬಿಟ್‌ಕಾಯಿನ್ ಚೈನ್ ಮೇಲೆಯೇ ಹೋಗುತ್ತಿತ್ತು. ಸೆಗ್ವಿಟ್ ವಿಳಾಸಗಳಲ್ಲಿ (ಕಡಿಮೆ ಜಾಗ ಹಿಡಿಯುವ ಬಗೆ) ಒಂದು ಇನ್‌ಪುಟ್, ಎರಡು ಔಟ್‌ಪುಟ್ ಇರುವ ವ್ಯವಹಾರಕ್ಕೆ 141 ವಿಬೈಟ್; ಶುಲ್ಕ ಹಾಕುವುದು ಈ ಗಾತ್ರದ ಅಳತೆಯ ಮೇಲೆ. ನೂರು ಜನರ ಪಾವತಿಯನ್ನು ಒಂದೇ ವ್ಯವಹಾರದಲ್ಲಿ ಕಟ್ಟಿದರೆ ತಲೆಗೆ ಸುಮಾರು 32 ವಿಬೈಟ್. ಅಂದರೆ ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ. ಶುಲ್ಕ ಅಗ್ಗವಿದ್ದಾಗ ಹೀಗೆ ಒಟ್ಟಿಗೆ ಕಟ್ಟುವ ಬ್ಯಾಚಿಂಗ್ ಒಂದೇ ಸಾಕೆನ್ನಿಸಿತ್ತು.

2023ರ ಮೇ ತಿಂಗಳಲ್ಲಿ ಬಿಟ್‌ಕಾಯಿನ್ ಮೇಲೆಯೇ ಹುಟ್ಟಿದ ಬಿಆರ್‌ಸಿ-20 ಟೋಕನ್‌ಗಳ ನೂಕುನುಗ್ಗಲಿಗೆ ಮೆಂಪೂಲ್ (ದೃಢವಾಗಲು ಕಾಯುವ ವ್ಯವಹಾರಗಳ ಸರದಿ) ತುಂಬಿ, ದರ ವಿಬೈಟ್‌ಗೆ ನೂರಾರು ಸಟೋಶಿಗೆ ಏರಿತು. 200ರ ದರ ಹಿಡಿದರೂ ಬ್ಯಾಚ್‌ನಲ್ಲಿ ತಲೆಗೆ 6,400 ಸಟೋಶಿ. ಹಲವರಿಗೆ ಕೊಡಬೇಕಾದ ಹಣವೇ ಅಷ್ಟಿರಲಿಲ್ಲ. ಅದಕ್ಕಿಂತ ಕೆಟ್ಟದ್ದು ಪಡೆದವರ ಪಾಡು: ಬಂದ ಯುಟಿಎಕ್ಸ್‌ಒ (ಇನ್ನೂ ಖರ್ಚಾಗದ ಬಿಟ್‌ಕಾಯಿನ್ ತುಣುಕು) ಖರ್ಚು ಮಾಡಲು 68 ವಿಬೈಟ್ ಬೇಕು, ಅದೇ ದರದಲ್ಲಿ 13,600 ಸಟೋಶಿ. 10,000 ಬಂದವರ ಕೈಗೆ ಬಳಸಲಾಗದ ಹಣ ಸಿಕ್ಕಿದಂತಾಯಿತು. ಸಿಟ್ಟಿನ ಪತ್ರಗಳು ಬಂದವು. ಅವರ ಸಿಟ್ಟು ನ್ಯಾಯವಾಗಿಯೇ ಇತ್ತು.

ಬ್ಯಾಚಿಂಗ್‌ಗೆ ಇನ್ನೊಂದು ತೊಡಕಿದೆ, ಇದನ್ನು ಹೇಳುವವರು ಕಡಿಮೆ. ದರ ಏರಿ ಬ್ಯಾಚ್ ಮೆಂಪೂಲ್‌ನಲ್ಲೇ ಕೂತಾಗ ಆರ್‌ಬಿಎಫ್ ಮಾಡಿ, ಅಂದರೆ ಹೆಚ್ಚು ಶುಲ್ಕದ ಹೊಸ ವ್ಯವಹಾರವನ್ನು ಅದರ ಜಾಗಕ್ಕೆ ಹಾಕಿ, ಶುಲ್ಕ ಏರಿಸೋಣ ಎಂದು ಹೊರಡುತ್ತೇವೆ. ಅಷ್ಟರಲ್ಲಿ ನೂರು ಜನರಲ್ಲಿ ಒಬ್ಬ, ದೃಢವಾಗದ ತನ್ನ ಪಾಲನ್ನು ಆಗಲೇ ಇನ್ನೆಲ್ಲಿಗೋ ಕಳಿಸಿಬಿಟ್ಟಿರುತ್ತಾನೆ. ಹೊಸ ವ್ಯವಹಾರ ಅವನ ಮಗು-ವ್ಯವಹಾರದ (ನಮ್ಮದರ ಮೇಲೆ ನಿಂತ ಆ ವ್ಯವಹಾರದ) ಶುಲ್ಕವನ್ನೂ ತುಂಬಿಕೊಡಬೇಕು, ಇಲ್ಲದಿದ್ದರೆ ನೋಡ್‌ಗಳು ಒಪ್ಪುವುದಿಲ್ಲ. ಒಮ್ಮೆ ಹೀಗೆ ಒಬ್ಬರೇ ಹತ್ತಾರು ಪುಟ್ಟ ಯುಟಿಎಕ್ಸ್‌ಒಗಳನ್ನು ಒಟ್ಟುಗೂಡಿಸುವ ದೊಡ್ಡ ವ್ಯವಹಾರ ಕಟ್ಟಿದ್ದರು. ಅದನ್ನು ದಾಟಿ ಶುಲ್ಕ ಏರಿಸಲು ಒಂದೂವರೆ ಲಕ್ಷ ಸಟೋಶಿಯ ಹತ್ತಿರ ಹೋಯಿತು. ಆಮೇಲಿಂದ ಬ್ಯಾಚ್ ಗಾತ್ರವನ್ನು 40ಕ್ಕಿಂತ ಮೇಲೆ ಒಯ್ದಿಲ್ಲ.

ಲೈಟ್ನಿಂಗ್‌ಗೆ ಬಂದ ಮೊದಲ ಕೆಲವು ತಿಂಗಳು ಹಣ ಸೋರಿದ್ದೇ ಸೋರಿದ್ದು. ಎಲ್ಲರೂ ಹೇಳುವ ದಾರಿಯಲ್ಲೇ ಹೊರಟೆ: ಸಿಕ್ಕ ಸಿಕ್ಕ ನೋಡ್‌ಗಳ ಜೊತೆ 10-20 ಲಕ್ಷ ಸಟೋಶಿಯ ಚಾನೆಲ್‌ಗಳು, ಮೂವತ್ತಕ್ಕೂ ಹೆಚ್ಚು. ಅರ್ಧಕ್ಕರ್ಧ ಪೀರ್‌ಗಳು (ಚಾನೆಲ್‌ನ ಆಚೆ ತುದಿಯವರು) ಗುರುತು ಮರೆಸುವ ಟಾರ್ ಜಾಲದ ಮೇಲೆ ಮಾತ್ರ, ಆಗಾಗ ಕಾಣೆ. ಮೊದಲ ಪ್ರಯತ್ನದಲ್ಲೇ ತಲುಪುತ್ತಿದ್ದ ಪಾವತಿ ನೂರಕ್ಕೆ ಅರವತ್ತೈದಿರಬಹುದು. ನಮ್ಮದು ಹೊರಗೆ ಹೋಗುವ ಹಣವೇ ಹೆಚ್ಚು, ಹಾಗಾಗಿ ಚಾನೆಲ್‌ಗಳು ನಮ್ಮ ಕಡೆ ಖಾಲಿಯಾಗುತ್ತಲೇ ಇದ್ದವು. ತುಂಬಿಸಲು ವೃತ್ತಾಕಾರದ ರಿಬ್ಯಾಲೆನ್ಸ್ ಹಚ್ಚಿದೆ: ಒಂದು ಚಾನೆಲ್‌ನಿಂದ ಹೊರಟ ನಮ್ಮದೇ ಹಣ ಇನ್ನೊಂದರಿಂದ ಒಳಗೆ ಬರುತ್ತದೆ. ರಾತ್ರಿ 800 ಪಿಪಿಎಂ (ಹತ್ತು ಲಕ್ಷಕ್ಕೆ 800) ಶುಲ್ಕ ಕೊಟ್ಟು ತುಂಬಿಸಿದ ಚಾನೆಲ್, ಯಾರದೋ ರೂಟಿಂಗ್‌ಗೆ (ನಮ್ಮ ಮೂಲಕ ಹಾದುಹೋಗುವ ಪಾವತಿಗೆ) ಬೆಳಿಗ್ಗೆ 50 ಪಿಪಿಎಂನಲ್ಲಿ ಬರಿದಾಗಿರುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಎಲ್ಲಕ್ಕಿಂತ ದುಬಾರಿಯಾದದ್ದು ಫೋರ್ಸ್ ಕ್ಲೋಸ್, ಅಂದರೆ ಆಚೆಯವರ ಒಪ್ಪಿಗೆ ಕಾಯದೆ ಚಾನೆಲ್ ಮುಚ್ಚುವುದು. ಒಬ್ಬ ಪೀರ್ ಕೆಲವು ಎಚ್‌ಟಿಎಲ್‌ಸಿಗಳನ್ನು (ಅವಧಿ ಹಾಕಿ ಬೀಗವಿಟ್ಟ, ದಾರಿಯಲ್ಲಿರುವ ಪಾವತಿಗಳು) ಹಿಡಿದುಕೊಂಡೇ ಆಫ್‌ಲೈನ್ ಆದ. ಅವಧಿ ಮುಗಿಯುವ ಹೊತ್ತಿಗೆ ನಮ್ಮ ನೋಡ್ ತಾನಾಗಿಯೇ ಚಾನೆಲ್ ಮುಚ್ಚಿತು, ಮುಚ್ಚಲೇಬೇಕು. ಚಾನೆಲ್‌ನ ಕೊನೆಯ ಲೆಕ್ಕವನ್ನು ಚೈನ್‌ಗೆ ಒಯ್ಯುವ ಕಮಿಟ್‌ಮೆಂಟ್ ವ್ಯವಹಾರಕ್ಕೆ ಒಂದು ಶುಲ್ಕ, ಸಿಕ್ಕಿಬಿದ್ದ ಒಂದೊಂದು ಎಚ್‌ಟಿಎಲ್‌ಸಿ ಬಿಡಿಸಿಕೊಳ್ಳಲು ಬೇರೆ ಶುಲ್ಕ, ಉಳಿದ ಹಣಕ್ಕೆ ದಿನಗಟ್ಟಲೆ ಬೀಗ. ಎಲ್‌ಎನ್‌ಡಿ ಎಂಬ ಲೈಟ್ನಿಂಗ್ ನೋಡ್ ತಂತ್ರಾಂಶದಲ್ಲಿ ಈ ಬೀಗದ ಅವಧಿ ಚಾನೆಲ್ ಗಾತ್ರಕ್ಕೆ ತಕ್ಕಂತೆ 144 ಬ್ಲಾಕ್‌ಗಳಿಂದ 2016 ಬ್ಲಾಕ್‌ಗಳವರೆಗೆ, ಅಂದರೆ ಎರಡು ವಾರದವರೆಗೂ ಹೋಗಬಹುದು. 20 ಲಕ್ಷದ ಆ ಚಾನೆಲ್‌ನಲ್ಲಿ ಒಂದು ಲಕ್ಷದಷ್ಟು ಶುಲ್ಕಕ್ಕೇ ಹೋಯಿತು. ಸಣ್ಣ ಚಾನೆಲ್ ತೆರೆಯುವುದನ್ನು ಅಲ್ಲಿಗೇ ನಿಲ್ಲಿಸಿದೆ.

ಈಗಿರುವುದು ಹನ್ನೆರಡರ ಆಸುಪಾಸು ಚಾನೆಲ್, ಒಂದೂ 50 ಲಕ್ಷಕ್ಕಿಂತ ಚಿಕ್ಕದಲ್ಲ. ಎಲ್ಲ ಪೀರ್‌ಗಳೂ ಕ್ಲಿಯರ್‌ನೆಟ್ (ಟಾರ್ ಅಲ್ಲದ, ಸಾಮಾನ್ಯ ಇಂಟರ್‌ನೆಟ್) ವಿಳಾಸ ಇರುವವರೇ. ಯಾರನ್ನು ಆರಿಸಿಕೊಂಡೆ, ಹೇಗೆ ಆರಿಸಿಕೊಂಡೆ ಎಂಬುದನ್ನು ಬರೆಯುವುದಿಲ್ಲ, ಅದು ನಮ್ಮ ಹೊಟ್ಟೆಪಾಡು. ಒಂದು ಸುಳಿವು ಕೊಡುತ್ತೇನೆ: ರ‍್ಯಾಂಕಿಂಗ್ ಪಟ್ಟಿಯ ತುದಿಯಲ್ಲಿರುವವರಿಗಿಂತ, ಹಣ ಪಡೆಯುವವರು ಬಳಸುವ ವ್ಯಾಲೆಟ್‌ಗಳ ನೆರೆಯವರು ಹೆಚ್ಚು ಉಪಯೋಗಕ್ಕೆ ಬಂದರು.

ದಿಕ್ಕು ಬದಲಿಸಿದ್ದು ಮುಖ್ಯವಾಗಿ ಎರಡು ಕೆಲಸ. ಒಂದು, ಹಣ ಒಳಗೆ ಬರುವ ದಾರಿಯನ್ನೂ ಲೈಟ್ನಿಂಗ್‌ಗೇ ತಿರುಗಿಸಿದ್ದು. ನಮಗೆ ಹಣ ಕಟ್ಟುವ ಗಿರಾಕಿಗಳು ಚೈನ್ ಮೇಲೆ ಕಟ್ಟುತ್ತಿದ್ದರು. ಲೈಟ್ನಿಂಗ್ ಇನ್‌ವಾಯ್ಸ್ ಮೂಲಕ ಕಟ್ಟಿದರೆ ಶೇ. 2 ರಿಯಾಯಿತಿ ಎಂದೆ. ಜೊತೆಗಿದ್ದವರು ಲಾಭವನ್ನು ಹೊರಗೆ ಎಸೆಯುತ್ತಿದ್ದೀಯ ಎಂದು ಬೈದರು. ಆದರೆ ರಿಬ್ಯಾಲೆನ್ಸ್‌ಗೂ ಹೊಸ ಚಾನೆಲ್‌ಗಳಿಗೂ ಸುರಿಯುತ್ತಿದ್ದುದು ಅದಕ್ಕಿಂತ ಬಹಳ ಹೆಚ್ಚು. ಒಳಬರುವ ಹಣದಲ್ಲಿ ಮೂರನೇ ಎರಡು ಭಾಗ ಈಗ ಲೈಟ್ನಿಂಗ್‌ನಲ್ಲೇ ಬರುತ್ತದೆ, ಅದರಿಂದ ಚಾನೆಲ್‌ಗಳು ತಾವಾಗಿಯೇ ತುಂಬಿಕೊಳ್ಳುತ್ತವೆ. ರಿಬ್ಯಾಲೆನ್ಸ್ ಸ್ಕ್ರಿಪ್ಟ್ ತಿಂಗಳಿಗೊಮ್ಮೆ ಓಡಿದರೆ ಹೆಚ್ಚು.

ಇನ್ನೊಂದು, ತಳ್ಳುವುದನ್ನು ಬಿಟ್ಟು ಎಳೆದುಕೊಳ್ಳಲು ಬಿಟ್ಟದ್ದು. ಮೊಬೈಲ್ ವ್ಯಾಲೆಟ್ ಮುಚ್ಚಿರುವವನಿಗೆ ಎಷ್ಟು ಬಾರಿ ಕಳಿಸಿದರೂ ಪಾವತಿ ವಾಪಸು ಬರುತ್ತದೆ. ಈಗ ಎಲ್‌ಎನ್‌ಯುಆರ್‌ಎಲ್-ವಿತ್‌ಡ್ರಾ ಎಂಬ, ಹಣ ಎಳೆದುಕೊಳ್ಳುವ ಕೋಡ್ ಕೊಡುತ್ತೇವೆ. ಪಡೆಯುವವರು ತಮಗೆ ಬಿಡುವಾದಾಗ ಸ್ಕ್ಯಾನ್ ಮಾಡಿ ಎಳೆದುಕೊಳ್ಳುತ್ತಾರೆ, ಆಗ ಅವರ ವ್ಯಾಲೆಟ್ ತೆರೆದೇ ಇರುತ್ತದೆ. ಮೊದಲ ಪ್ರಯತ್ನದಲ್ಲೇ ತಲುಪುವುದು ನೂರಕ್ಕೆ 97ರ ಹತ್ತಿರಕ್ಕೆ ಏರಿದ್ದು ಇದರಿಂದಲೇ. ನಾವು ಕೊಡಬೇಕಾದ ಬಾಕಿ ಎರಡು ಲಕ್ಷ ಸಟೋಶಿ ದಾಟಿದವರಿಗೆ ಮಾತ್ರ ವಾರಕ್ಕೊಮ್ಮೆ ಚೈನ್ ಮೇಲೆ ಬ್ಯಾಚ್.

ನಮ್ಮ ಚಾನೆಲ್ ಮೂಲಕ ಹಾದುಹೋಗುವವರಿಗೆ ಹಾಕುವ ಶುಲ್ಕದ ಸ್ಕ್ರಿಪ್ಟ್ ನಾನೇ ಬರೆದದ್ದು. ಚಾನೆಲ್‌ನಲ್ಲಿ ನಮ್ಮ ಕಡೆಯ ಹಣ ಕಾಲುಭಾಗಕ್ಕಿಂತ ಇಳಿದರೆ ಹೊರದರ ಏರುತ್ತದೆ, ಬೇರೆಯವರ ರೂಟಿಂಗ್ ಅದನ್ನು ಬರಿದು ಮಾಡದ ಹಾಗೆ. 2024ರಲ್ಲಿ ಎಲ್‌ಎನ್‌ಡಿ 0.18ರಲ್ಲಿ ಒಳಬರುವ ದಿಕ್ಕಿಗೂ ದರ ಹಾಕಲು ಬಂದ ಮೇಲೆ, ಖಾಲಿ ಚಾನೆಲ್‌ಗೆ ಋಣ ದರ (ಶುಲ್ಕದಲ್ಲಿ ರಿಯಾಯಿತಿ) ಇಟ್ಟು ಹಣ ಸೆಳೆಯುತ್ತೇನೆ. ದರವನ್ನು ದಿನಕ್ಕೆ ಕೆಲವೇ ಬಾರಿ ಬದಲಿಸಿ. ಗಂಟೆಗೊಮ್ಮೆ ಬದಲಿಸಿದಾಗ ಕಳಿಸುವವರ ಬಳಿ ಹಳೆಯ ದರವೇ ಉಳಿದು, ಶುಲ್ಕ ಸಾಲದೆಂದು ಪಾವತಿಗಳು ಬೀಳತೊಡಗಿದವು. ಎಷ್ಟಕ್ಕೆ ಎಷ್ಟು ಏರಿಸಬೇಕೆಂಬ ಸೂತ್ರ ನನ್ನ ಬಳಿಯೇ ಇರಲಿ.

ನಡುವೆ ಎಥೀರಿಯಂ ರೋಲಪ್ (ಮೂಲ ಚೈನ್‌ನ ಹೊರಗೆ ವ್ಯವಹಾರ ನಡೆಸಿ ಮಾಹಿತಿಯನ್ನು ಅದಕ್ಕೆ ಒಪ್ಪಿಸುವ ಜಾಲ) ಒಂದರ ಮೇಲೂ ಕೆಲವು ವಾರ ಪಾವತಿ ಓಡಿಸಿ ನೋಡಿದೆ. 2024ರ ಮಾರ್ಚ್‌ನ ಡೆಂಕನ್ ಅಪ್‌ಗ್ರೇಡ್‌ಗೆ ಮೊದಲು ಶುಲ್ಕದ ದೊಡ್ಡ ಪಾಲು ಕಾಲ್‌ಡೇಟಾಕ್ಕೇ (ಆ ಮಾಹಿತಿಯನ್ನು ಮೂಲ ಚೈನ್ ಮೇಲೆ ಬರೆಯುವ ಜಾಗಕ್ಕೇ) ಹೋಗುತ್ತಿತ್ತು. ಅದಕ್ಕೆ ಬದಲಾಗಿ 128 ಕೆಬಿಯ ಅಗ್ಗದ ಬ್ಲಾಬ್‌ಗಳು ಬಂದ ಮೇಲೆ ಶುಲ್ಕ ನನ್ನ ಲೆಕ್ಕದಲ್ಲಿ ಹತ್ತನೇ ಒಂದಕ್ಕಿಂತ ಕೆಳಗಿಳಿಯಿತು, ನಿಜಕ್ಕೂ ಒಳ್ಳೆಯ ಕೆಲಸ ಅದು. ಆದರೂ ಅಲ್ಲಿ ಉಳಿಯಲಿಲ್ಲ. ನಮ್ಮವರಿಗೆ ಬೇಕಾದದ್ದು ಬಿಟ್‌ಕಾಯಿನ್, ಅಂಥ ಆಪ್ಟಿಮಿಸ್ಟಿಕ್ (ಆಕ್ಷೇಪಕ್ಕೆ ಸಮಯ ಬಿಡುವ ಬಗೆಯ) ರೋಲಪ್‌ನಿಂದ ಮೂಲ ಚೈನ್‌ಗೆ ಹಣ ತರಲು ಸುಮಾರು ಏಳು ದಿನ ಕಾಯಬೇಕು, ಮೇಲಾಗಿ ಆ ರೋಲಪ್‌ನಲ್ಲಿ ವ್ಯವಹಾರಗಳ ಸರದಿ ಕಟ್ಟುವ ಸೀಕ್ವೆನ್ಸರ್ ಒಬ್ಬರದೇ ಕೈಯಲ್ಲಿತ್ತು.

2024ರ ಏಪ್ರಿಲ್ 20ರಂದು ಹಾವಿಂಗ್ (ಗಣಿಗಾರರ ಬಹುಮಾನ ಅರ್ಧವಾಗುವ ಘಟ್ಟ) ಜೊತೆಗೇ ರೂನ್ಸ್ ಎಂಬ ಹೊಸ ಟೋಕನ್ ವ್ಯವಸ್ಥೆ ಶುರುವಾಗಿ ದರ ವಿಬೈಟ್‌ಗೆ ಸಾವಿರ ಸಟೋಶಿ ದಾಟಿದಾಗ ಈ ವ್ಯವಸ್ಥೆಯ ನಿಜವಾದ ಪರೀಕ್ಷೆ ನಡೆಯಿತು. ಚೈನ್ ಮೇಲಿನ ವಾರದ ಬ್ಯಾಚನ್ನು ಮುಂದೂಡಿದೆ, ಚಾನೆಲ್ ಒಂದನ್ನೂ ಮುಟ್ಟಲಿಲ್ಲ. ಸಣ್ಣ ಪಾವತಿಗಳು ಎಂದಿನಂತೆ ಒಂದೆರಡು ಸೆಕೆಂಡಿನಲ್ಲಿ ಹೋಗುತ್ತಲೇ ಇದ್ದವು. ಈಗ ಸ್ಪ್ಲೈಸಿಂಗ್ (ತೆರೆದ ಚಾನೆಲ್‌ನ ಗಾತ್ರ ಬದಲಿಸುವ) ಪ್ರಯೋಗಕ್ಕೆಂದು ಪಕ್ಕದಲ್ಲಿ ಕೋರ್ ಲೈಟ್ನಿಂಗ್ ಎಂಬ ಇನ್ನೊಂದು ತಂತ್ರಾಂಶದ ನೋಡ್ ಒಂದನ್ನು ಎಬ್ಬಿಸಿದ್ದೇನೆ. ಚಾನೆಲ್ ಮುಚ್ಚದೆಯೇ ಅದರ ಗಾತ್ರ ಹಿಗ್ಗಿಸಲು ಬಂದರೆ, ವಾರದ ಬ್ಯಾಚಿನ ವ್ಯವಹಾರದಲ್ಲೇ ಅದನ್ನೂ ಸೇರಿಸಿ ಶುಲ್ಕ ಉಳಿಸುವ ಯೋಚನೆಯಿದೆ.